ಸಪ್ಪಲಮ್ಮನ ಬಳೆ

ಅನುಗೊಂಡನಹಳ್ಳಿಗೆ ಹೊಸದಾಗಿ ಬಂದ ಹೆಂಗಸು ಸೊಸೆಯಾಗಲಿ, ಟೀಚರಮ್ಮನಾಗಲಿ, ಸಪ್ಪಲಮ್ಮ ಊರು ಕುಲ ಕೇಳುವ ಮೊದಲೇ ಅವಳ ಕೈ ಹಿಡಿದು ಬಳೆಗಾರನ ಹಾಗೆ ಗೆಣ್ಣು ಹಿಸುಕಿ ನೋಡುತ್ತಾಳೆ. "ನಿಂದು ದಪ್ಪ ಕಣವ್ವಾ" ಎಂದು ಬಿಟ್ಟುಬಿಡುತ್ತಾಳೆ. ಹೆರಿಗೆ ಬೇನೆ ತಿನ್ನುತ್ತಿದ್ದವಳ ಕೈಯನ್ನೂ ಬಿಡಲಿಲ್ಲವಂತೆ. "ಗಂಡ ಸತ್ತೋಳ ಕೈತುಂಬಾ ಹಸಿರು ಬಳೆ, ಸಾಲ್ದು ಅಂತ ಕಂಡೋರ ಕೈಮೇಲೂ ಕಣ್ಣು" ಎಂದು ಪಕ್ಕದ ಮನೆಯ ದ್ಯಾವಮ್ಮ ಬೀದಿಗೆಲ್ಲ ಕೇಳುವಂತೆ ಆಡಿಕೊಂಡರೂ, ಇವಳು ಮುದ್ದೆ ಹಿಡಿದು ಒಳಕೋಣೆಗೆ ಹೋಗುತ್ತಾಳೆ. ಅಲ್ಲಿ ಮಗ ಪಿಳ್ಳಪ್ಪ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿರುತ್ತಾನೆ. ಇಪ್ಪತ್ತಾರು ತುಂಬಿದೆ, ಗಡ್ಡ ಬಂದಿದೆ, ಮಾತು ಬಂದಿಲ್ಲ. ಯಾರ ಮುಖವನ್ನೂ ನೋಡದ ಅವನಿಗೆ ಅವ್ವ ಎಂದರೆ ಆ ಬಳೆಗಳ ಸದ್ದು. ಬೇರೆ ಕೈ ತುತ್ತು ತಂದರೆ ಕಚ್ಚುತ್ತಾನೆ. ಅವನು ಚಿಕ್ಕವನಿದ್ದಾಗ, ಅರವತ್ತೊಂಬತ್ತನೇ ಇಸವಿಯಲ್ಲಿ ಗಂಡ ತೀರಿಕೊಂಡು, ಹನ್ನೊಂದನೇ ದಿನ ಇವಳ ಬಳೆ ಒಡೆದರು. ಅವ್ವನ ಬರಿಗೈ ಕೊಟ್ಟ ತುತ್ತನ್ನು ಪಿಳ್ಳಪ್ಪ ನಾಲ್ಕು ದಿನ ಉಗಿದ. ಐದನೇ ದಿನ ಅವಳು ಹೊಸಕೋಟೆಗೆ ನಡೆದು ಅಂಥವೇ ಬಳೆ ತಂದು ತಾನೇ ತೊಟ್ಟುಕೊಂಡಳು, ಅವನು ಉಂಡ. ಈಚೆಗೆ ಕೆಮ್ಮಿನಲ್ಲಿ ರಕ್ತ ಕಾಣಿಸಿದ ಮೇಲೆ ದ್ಯಾವಮ್ಮನ ಕೈಯನ್ನೂ ಹಿಸುಕಿ ನೋಡಿದಳು. ಅಳತೆ ಸರಿಹೋಯಿತು. "ನಾನು ಹೋದ್ಮೇಲೆ ಈ ಬಳೆ ಒಡೀಬ್ಯಾಡವ್ವಾ. ನೀನು ತೊಟ್ಕೊಂಡು ಅವನಿಗೊಂದು ತುತ್ತು ಇಕ್ಕು." ದ್ಯಾವಮ್ಮ ಕೈ ಕಿತ್ತುಕೊಂಡಳು: "ಮುತ್ತೈದೆ ಕಣೇ ನಾನು! ಹೆಣದ ಕೈಯ ಬಳೆ ತೊಡ್ಲಾ?" ಸಪ್ಪಲಮ್ಮ ಈಗ ದಿನವೂ ಬಸ್ಸು ಬರುವ ಹೊತ್ತಿಗೆ ರಸ್ತೆಯಲ್ಲಿ ನಿಂತಿರುತ್ತಾಳೆ. ಇಳಿಯುವ ಹೆಂಗಸರ ಮುಖವನ್ನು ಅವಳೂ ನೋಡುವುದಿಲ್ಲ, ಕೈ ನೋಡುತ್ತಾಳೆ.