ರೇಡಿಯೋದೊಳಗಿನ ಬೀಸುಕಲ್ಲು

ಮೊನ್ನೆ ಸವಣೂರಿನ ಗುಜರಿ ಅಂಗಡಿಯೊಂದರಲ್ಲಿ ಚರ್ಮದ ಕವಚದ ಹಳೆಯ ರೇಡಿಯೋ ಒಂದನ್ನು ಮೂಗಿಗೆ ಹಿಡಿದು ನಿಂತುಬಿಟ್ಟೆ. ನನಗೆ ತಲೆ ಕೆಟ್ಟಿದೆ ಎಂದೇ ಅಂಗಡಿಯವನು ಎಣಿಸಿರಬೇಕು. ನಿಮಗೂ ಇಂಥ ಒಂದು ವಾಸನೆ ಇದ್ದೀತು. ಒಮ್ಮೆ ಉಸಿರೆಳೆದರೆ ಸಾಕು, ಇಲ್ಲದ ಮನೆ ಎದ್ದು ನಿಲ್ಲುತ್ತದೆ. ನಮ್ಮ ಮನೆಯ ಜಾಗದಲ್ಲಿ ಈಗ ಗೊಬ್ಬರದ ಅಂಗಡಿಯಿದೆ. ಆ ಮನೆಯ ಪಡಸಾಲೆಯಲ್ಲಿ ಗುರುವಾರ ಸಂಜೆ ನಾವೆಲ್ಲ ಇಂಥದೇ ರೇಡಿಯೋ ಸುತ್ತ ಕೂತು, ತೋಟದಿಂದ ಬಂದ ವೀಳ್ಯದೆಲೆ ಜೋಡಿಸಿ ಕಟ್ಟು ಕಟ್ಟುತ್ತಿದ್ದೆವು.

ಆ ಹೊತ್ತಿಗೆ ನಮ್ಮ ಕಡೆಯ ಬಾನುಲಿ ಕೇಂದ್ರದಿಂದ ಹಾಡಿನ ಕಾರ್ಯಕ್ರಮವೊಂದು ಬರುತ್ತಿತ್ತು. ಅದಕ್ಕೆ ತಲೆಬುಡವೇ ಇರಲಿಲ್ಲ. ತತ್ವಪದದ ಬೆನ್ನಿಗೆ ಕವಾಲಿ, ಅದರ ಬೆನ್ನಿಗೆ ಮರಾಠಿ ನಾಟಕದ ಹಾಡು, ಆಮೇಲೆ ಯಾವುದೋ ದೇಶದ ತುತ್ತೂರಿ. ಅಪ್ಪ ಗೊಣಗುತ್ತಿದ್ದ. ಅಪ್ಪನ ಅವ್ವ, ಅಂದರೆ ನಮ್ಮ ಆಯಿ, ಒಂದನ್ನೂ ಬಿಡದೆ ಕೇಳುತ್ತಿದ್ದಳು. ಎಲ್ಲ ಮುಗಿದ ಮೇಲೆ ರೇಡಿಯೋ ಮುಂದೆ ಎಲೆ ಅಡಿಕೆ ಇಡುತ್ತಿದ್ದಳು. "ಮನಿಗೆ ಬಂದು ಹಾಡಿದೋರನ್ನ ಬರಿಗೈಲೆ ಕಳಸ್ತಾರೇನ?" ತುತ್ತೂರಿಯವನಿಗೂ ಅಷ್ಟೇ ಮರ್ಯಾದೆ. ಸ್ವಲ್ಪ ಹೊತ್ತಿಗೆ ಅದನ್ನು ತಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ಅದು ಬೇರೆ ಮಾತು.

ಒಮ್ಮೆ ಕೇಂದ್ರದವರು ಬೀಸುವ ಪದ ಹುಡುಕಿಕೊಂಡು ನಮ್ಮ ಓಣಿಗೇ ಬಂದರು. ಆಯಿ ಮತ್ತು ಪಕ್ಕದ ಮನೆಯ ಬೀಬಮ್ಮ ಹರೆಯದಿಂದಲೂ ಒಂದೇ ಬೀಸುಕಲ್ಲಿಗೆ ಎದುರುಬದುರು ಕೂತು ಹಾಡಿದವರು. ಕಲ್ಲಿನ ಸದ್ದು ಬೇಡ, ಬರೀ ಪದ ಹಾಡಿ ಎಂದರು ಬಂದವರು. ಇಬ್ಬರೂ ಗಂಟಲು ಸರಿಮಾಡಿಕೊಂಡು ಕೂತರು. ಒಂದು ನುಡಿಯೂ ನೆನಪಾಗಲೊಲ್ಲದು. "ಕಲ್ಲು ತಿರಗಲಿಲ್ಲಂದ್ರ ಪದ ಹೆಂಗ ಬರ್ತೈತ್ರಿ?" ಎಂದು ಬೀಬಮ್ಮ ಅವರನ್ನೇ ಕೇಳಿದರು. ಕೊನೆಗೆ ಜೋಳ ಹಾಕಿ, ಕಲ್ಲು ತಿರುಗಿಸುತ್ತಲೇ ಹಾಡಿದರು. ಯಾವುದಾದರೊಂದು ಗುರುವಾರ ಹಾಕುತ್ತೇವೆ ಎಂದು ಹೇಳಿ ಅವರು ಹೋದರು.

ಗುರುವಾರಗಳು ಕಳೆದವು, ಪದ ಬರಲಿಲ್ಲ. ಆ ಮಳೆಗಾಲದಲ್ಲಿ ಬೀಬಮ್ಮ ಜ್ವರ ಬಂದು ತೀರಿಕೊಂಡರು. ಆಯಿ ಬೀಸುವುದನ್ನೇ ಬಿಟ್ಟಳು. ಜೋಳ ಗಿರಣಿಗೆ ಹೋಗತೊಡಗಿತು. ರೇಡಿಯೋ ಮುಂದೆ ಕೂರುವುದನ್ನು ಮಾತ್ರ ಬಿಡಲಿಲ್ಲ. "ನನ್ನ ದನಿ ತಗೊಂಡು ಏನ್ ಮಾಡ್ಲಿ? ಆಕೀದೊಮ್ಮೆ ಕೇಳಬೇಕು," ಅನ್ನುತ್ತಿದ್ದಳು. ಬೀಬಮ್ಮನದೊಂದು ಫೋಟೋ ಕೂಡ ಯಾರ ಹತ್ತಿರವೂ ಇರಲಿಲ್ಲ.

ಕೊನೆಗೂ ಒಂದು ಗುರುವಾರ ಪದ ಬಂತು. ಮೊದಲು ಕಲ್ಲಿನ ಗರಗರ, ಹಿಂದೆಯೇ ಬೀಬಮ್ಮನ ಒಡಕು ದನಿ. ಕೈಯಲ್ಲಿದ್ದ ಎಲೆ ಕೈಯಲ್ಲೇ ಉಳಿಯಿತು. ಆಯಿ ಕಣ್ಣು ಮುಚ್ಚಿದ್ದಳು. ಬಲಗೈ ತನ್ನಷ್ಟಕ್ಕೆ ಗಾಳಿಯಲ್ಲಿ ಸುತ್ತುತ್ತಿತ್ತು. ನಡುವೆ ಒಂದು ಕಡೆ ಕಲ್ಲು ತಡವರಿಸಿತು. ಆಯಿ ಥಟ್ಟನೆ ಮುಂದಕ್ಕೆ ಬಾಗಿ ರೇಡಿಯೋಕ್ಕೆ ಗದರಿದಳು: "ಏ ಬೀಬಿ, ಕಾಳು ಭಾಳ ಹಾಕಬ್ಯಾಡ. ಸಾವಕಾಶ!"

ಬೀಬಮ್ಮ ನಮ್ಮ ನಡುವೆಯೇ ಬಂದು ಕೂತಂತಾಗಿ ನನಗೆ ಎಷ್ಟು ಖುಷಿಯಾಯಿತೆಂದರೆ, ಅವರು ತೀರಿಕೊಂಡದ್ದು ಆ ಗಳಿಗೆ ಮರೆತೇಹೋಯಿತು. ಕಲ್ಲು ಮತ್ತೆ ಸಲೀಸಾಗಿ ತಿರುಗತೊಡಗಿತು. ಬೀಬಮ್ಮ ನುಡಿ ಮುಗಿಸಿ ಉಸಿರು ತೆಗೆದುಕೊಂಡರು. ಮುಂದಿನ ನುಡಿ ಆಯಿಯದು. ರೇಡಿಯೋದೊಳಗೂ ಹಾಡಿದಳು, ನಮ್ಮ ಪಡಸಾಲೆಯಲ್ಲೂ ಹಾಡಿದಳು.