ಒಂದು ಮೊಳ ಸಾಲದ ಹಗ್ಗ

ದೊಡ್ಡನೆಕ್ಕುಂದಿಯಲ್ಲಿ ಮೀಸೆ ಬಂದ ಗಂಡಸೆಂದರೆ ಹೆಗಲ ಮೇಲೊಂದು ಟವಲ್ಲು ಇರಲೇಬೇಕು. ಬೆವರು ಒರೆಸುವುದಕ್ಕೆ, ಕೂರುವ ಕಲ್ಲು ಜಾಡಿಸುವುದಕ್ಕೆ, ಸಂತೆಯಿಂದ ಬದನೆಕಾಯಿ ಕಟ್ಟಿ ತರುವುದಕ್ಕೆ, ಹೆಂಡದ ಸೀಸೆ ಮುಚ್ಚಿಕೊಳ್ಳುವುದಕ್ಕೆ ಎಲ್ಲಕ್ಕೂ ಅದೇ. ಇಡೀ ಊರಿನಲ್ಲಿ ಟವಲ್ಲಿಲ್ಲದೆ ತಿರುಗುತ್ತಿದ್ದವನು ನಲ್ಲಪ್ಪ ಒಬ್ಬನೇ. ಅರಳಿಕಟ್ಟೆಯ ಮೇಲೆ ಕೂತವರು ಅವನ ಬೋಳು ಹೆಗಲು ನೋಡಿ ಕೆಣಕಿದರೆ, ಫ್ಯಾಕ್ಟರಿಯವರು ಕೊಟ್ಟ ಖಾಕಿ ಅಂಗಿಯ ಮೇಲೆ ಟವಲ್ಲು ಚೆನ್ನಾಗಿ ಕಾಣಲ್ಲ ಎಂದು ಹೇಳಿ ಜಾರಿಕೊಳ್ಳುತ್ತಿದ್ದ. ಶುದ್ಧ ಸುಳ್ಳು. ಫ್ಯಾಕ್ಟರಿ ಬರುವುದಕ್ಕೆ ಮೊದಲೇ ಅವನ ಹೆಗಲು ಬೋಳಾಗಿತ್ತು.

ಈಗ ಆ ಫ್ಯಾಕ್ಟರಿಯ ಶೆಡ್ಡುಗಳು ನಿಂತಿರುವ ಜಾಗದಲ್ಲಿ ಮುಂಚೆ ಊರ ಕಣವಿತ್ತು. ಕಣದ ಅಂಚಿಗೆ ಹಗೇವುಗಳು. ಹಗೇವೆಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಇಳಿಯಲು ಬದಿಯಲ್ಲಿ ಕಾಲಿಡುವ ಗುಳಿಗಳು, ಒಳಗೆ ಹೋದಂತೆ ಹೊಟ್ಟೆ ಅಗಲ. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ರಾಗಿ ಹತ್ತು ವರ್ಷವಾದರೂ ಹುಳ ಹಿಡಿಯದೆ ಇರುತ್ತಿತ್ತು. ಆದರೆ ತೆರೆದ ಕೂಡಲೇ ಇಳಿಯುವ ಹಾಗಿಲ್ಲ. ಒಳಗೆ ಕೆಟ್ಟ ಗಾಳಿ ಕೂತಿರುತ್ತದೆ. ಚಪ್ಪಡಿ ಸರಿಸಿ ಒಂದು ಹಗಲು ಬಿಡಬೇಕು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು, ದೀಪ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ಈ ಕೆಲಸಕ್ಕೆ ನಲ್ಲಪ್ಪನದೇ ಕೈ. ಸುತ್ತ ನಾಲ್ಕು ಹಳ್ಳಿಯವರು ಹಗೇವು ತೆಗೆಸಬೇಕಾದರೆ ಅವನಿಗೇ ಹೇಳಿ ಕಳಿಸುತ್ತಿದ್ದರು. ದೀಪ ಬಿಡುವವನು ನಲ್ಲಪ್ಪ, ಇಳಿಯುವವನು ಅವನ ತಮ್ಮ ಚಿನ್ನಪ್ಪ.

ಎಪ್ಪತ್ತೈದನೇ ಇಸವಿಯ ಶ್ರಾವಣದಲ್ಲಿ ಪಟೇಲರ ಮನೆಯ ದೊಡ್ಡ ಹಗೇವಿಗೆ ಇಳಿದ ಚಿನ್ನಪ್ಪ ಮೇಲೆ ಬರಲಿಲ್ಲ. ಚೀಲಕ್ಕೆ ರಾಗಿ ತುಂಬಲೆಂದು ಬಗ್ಗಿದವನು ಅಲ್ಲೇ ಕೂತ, ಕೂತವನು ಏಳಲಿಲ್ಲ. ಹೆಣ ಮೇಲೆ ತಂದಾಗ ಗುಂಪಿನಲ್ಲಿ ಯಾರೋ, ಕುಡಿದು ಇಳಿದಿರಬೇಕು ಅಂದರು. ಚಿನ್ನಪ್ಪ ಸಂಜೆ ಹೊತ್ತು ಒಂದಿಷ್ಟು ಹೆಂಡ ಹಾಕುವವನೇ ಆಗಿದ್ದರಿಂದ ಮಾತು ಊರಿಗೆಲ್ಲ ಸಲೀಸಾಗಿ ಹರಡಿತು. ಅವನು ಆ ದಿನ ಮಜ್ಜಿಗೆ ಬಿಟ್ಟು ಬೇರೇನೂ ಕುಡಿದಿರಲಿಲ್ಲವೆಂದು ನಲ್ಲಪ್ಪನಿಗೆ ಗೊತ್ತಿತ್ತು. ಹಗ್ಗ ಸಾಲದೆ ದೀಪ ನೆಲ ಮುಟ್ಟಿರಲಿಲ್ಲವೆಂದೂ ಗೊತ್ತಿತ್ತು. ದೀಪ ನೆಲಕ್ಕೆ ಕೂತರೆ ಹಗ್ಗ ಸಡಿಲವಾಗಬೇಕು, ಅಂದು ಕೈಯಲ್ಲಿ ಬಿಗಿಯಾಗಿಯೇ ಇತ್ತು. ಒಂದು ಮೊಳ ಕಮ್ಮಿ. ಉರೀತಾ ಇದೆ, ಇಳಿಯೋ ಎಂದವನು ನಲ್ಲಪ್ಪನೇ. ಕೆಟ್ಟ ಗಾಳಿ ಕೂರುವುದು ಆ ಕೊನೆಯ ಮೊಳದಲ್ಲಿ, ರಾಗಿ ತುಂಬಲು ಬಗ್ಗಿದವನ ಮೂಗು ಇರುವುದೂ ಅಲ್ಲೇ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಸುಮ್ಮನಿದ್ದರೆ ಸುಳ್ಳು ಹೇಳಿದಂತಾಗುವುದಿಲ್ಲ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಸುಮ್ಮನಿದ್ದೂ ಸುಮ್ಮನಿದ್ದೂ ಅವನು ಸತ್ತ ತಮ್ಮನನ್ನು ಕುಡುಕನನ್ನಾಗಿ ಮಾಡಿಬಿಟ್ಟ.

ತಪ್ಪು ಒಳಗೇ ಕೊರೆಯುತ್ತಿದ್ದುದರಿಂದಲೋ ಏನೋ, ತಮ್ಮನ ಸಂಸಾರವನ್ನು ಮಾತ್ರ ಕೈಬಿಡಲಿಲ್ಲ. ಕಣ ಹೋಗಿ ಫ್ಯಾಕ್ಟರಿ ಬಂದಾಗ ಭೂಮಿ ಕಳೆದುಕೊಂಡವರ ಲೆಕ್ಕದಲ್ಲಿ ತನಗೆ ಗೇಟಿನ ವಾಚ್‌ಮನ್ ಕೆಲಸ ಸಿಕ್ಕಿತಲ್ಲ, ಸಾಹೇಬರ ಕಾಲು ಹಿಡಿದು ತಮ್ಮನ ಹೆಂಡತಿ ಮಾರಕ್ಕನಿಗೂ ಕಸ ಗುಡಿಸುವ ಕೆಲಸ ಕೊಡಿಸಿದ. ಅವಳ ಮಗಳ ಮದುವೆಗೆ ತಾನೇ ನಿಂತ. ಹೆಂಡತಿ ತೀರಿಹೋಗಿ ಮಕ್ಕಳಿಲ್ಲದ ಅವನಿಗೆ ದಿನವೂ ಬುತ್ತಿ ಬರುತ್ತಿದ್ದುದು ಮಾರಕ್ಕನ ಮನೆಯಿಂದ. ನಮ್ಮ ಬಾವ ದೇವರಂಥ ಮನುಷ್ಯ ಎಂದು ಅವಳು ನಲ್ಲಿಯ ಹತ್ತಿರ ಹೆಂಗಸರೆದುರು ಹೇಳುತ್ತಿದ್ದಳು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಲ್ಲಪ್ಪನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸುತ್ತಿತ್ತು. ಆದರೂ ಆ ಮಾತು, ಆ ಬುತ್ತಿ ಇಲ್ಲದೆ ಬದುಕುವುದು ಹೇಗೆಂದು ಅವನಿಗೆ ತಿಳಿಯದು.

ವರ್ಷಕ್ಕೊಂದು ದಿನ ಮಾತ್ರ ಅವನಿಗೆ ಅವಳ ಮನೆಯಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ, ಸತ್ತವರು ಏನೇನು ಇಷ್ಟಪಡುತ್ತಿದ್ದರೋ ಅದೆಲ್ಲ ಎಲೆಯ ಮೇಲೆ ಬರಬೇಕು. ಮಾರಕ್ಕ ಗಂಡನಿಗೆ ಕೋಳಿಸಾರು, ಮುದ್ದೆ, ವಡೆ, ಒಂದು ಕಟ್ಟು ಬೀಡಿ ಎಲ್ಲ ಇಡುತ್ತಿದ್ದಳು. ಹೆಂಡ ಇಡುತ್ತಿರಲಿಲ್ಲ. ಅದೇ ನಿನ್ನನ್ನ ತಿಂದಿದ್ದು, ಇನ್ನೂ ಬೇಕಾ ನಿನಗೆ ಎಂದು ಎಲೆಯ ಮುಂದೆ ಕೂತು ಬಯ್ಯುತ್ತಿದ್ದಳು. ಪಕ್ಕದಲ್ಲೇ ಕೈಮುಗಿದು ನಿಂತ ನಲ್ಲಪ್ಪ ಒಂಬತ್ತು ವರ್ಷ ಅದನ್ನು ಕೇಳಿಸಿಕೊಂಡ.

ಎಂಬತ್ತನಾಲ್ಕರ ಆಗಸ್ಟ್ ಕೊನೆಯ ಭಾನುವಾರ ಫ್ಯಾಕ್ಟರಿಯವರು ಬಸ್ಸು ಮಾಡಿಕೊಂಡು ಕೆಲಸಗಾರರನ್ನು ಕರಿಕಲ್ಲುದುರ್ಗಕ್ಕೆ ಕರೆದುಕೊಂಡು ಹೋದರು. ತುಮಕೂರು ದಾಟಿ ಇನ್ನೂ ಎರಡು ಗಂಟೆಯ ದಾರಿ. ಹಿಂದೆ ಅರಸರು ಆಳಿದ ಕೋಟೆ, ಏಳು ಬಾಗಿಲು, ಬೆಟ್ಟ ತುಂಬ ಗೋಡೆ. ಅಡುಗೆ ಪಾತ್ರೆ, ನೀರಿನ ಕೊಡದ ಜೊತೆ ಮಾರಕ್ಕನೂ ಬಂದಿದ್ದಳು. ಬಸ್ಸಿನಲ್ಲಿ ದೊಡ್ಡನೆಕ್ಕುಂದಿಯವರೆಂದರೆ ಇವರಿಬ್ಬರೇ. ಬುಡದಲ್ಲೇ ಗೈಡು ಶ್ಯಾಮಣ್ಣ ಸಿಕ್ಕಿದ. ಮಾಸಿದ ಕರಿ ಕೋಟು, ಕೈಯಲ್ಲಿ ಬೆತ್ತ. ಇಷ್ಟು ಜನಕ್ಕೂ ಕೇಳುವ ಗಂಟಲು. ಇಲ್ಲಿ ಆನೆಗಳು ಬಂದು ಬಾಗಿಲಿಗೆ ಡಿಕ್ಕಿ ಹೊಡೆದವು, ಇಲ್ಲಿ ಶತ್ರುಗಳ ತಲೆಗೆ ಕಾದ ಎಣ್ಣೆ ಸುರಿದರು ಎಂದು ಹೇಳಿ, ಜನ ಓಹೋ ಅನ್ನುವವರೆಗೂ ಅಲ್ಲಾಡದೆ ನಿಲ್ಲುತ್ತಿದ್ದ. ಓಹೋ ಸಣ್ಣದಾದರೆ ಇನ್ನೊಂದು ಸಲ ಹೇಳುತ್ತಿದ್ದ. ನಲ್ಲಪ್ಪನಿಗೆ ಅರಸರಿಗಿಂತ ಗೋಡೆ ಕಟ್ಟಿದ ಒಡ್ಡರ ಮೇಲೆಯೇ ಹೆಚ್ಚು ಗೌರವ ಬಂತು. ಸುಣ್ಣವಿಲ್ಲ, ಗಾರೆಯಿಲ್ಲ, ಕಲ್ಲಿಗೆ ಕಲ್ಲು ಕೂತಿದೆ. ಮಾರಕ್ಕ ತಲೆಯ ಮೇಲೆ ಹಳೇ ಸೀರೆ ಸುತ್ತಿದ ಸಿಂಬಿ, ಸಿಂಬಿಯ ಮೇಲೆ ಕೊಡ ಇಟ್ಟುಕೊಂಡು ಕೊನೆಯಲ್ಲಿ ಹತ್ತುತ್ತಿದ್ದಳು.

ಕೋಟೆಯ ಮೇಲಿನ ಸುತ್ತಿನ ಅಂಗಳ ಮಣ್ಣಿನ ನೆಲ. ಅಲ್ಲಿ ಶ್ಯಾಮಣ್ಣ ದನಿ ತಗ್ಗಿಸಿದ. ಈ ಸಲದ ಮಳೆಗೆ ನೆಲ ಕುಸಿದು ಒಂದು ಚಪ್ಪಡಿ ಕಾಣಿಸಿಕೊಂಡಿದೆ, ಹದಿನೈದು ದಿನದ ಕೆಳಗೆ ಒಂದು ಸಲ ಸರಿಸಿ ನೋಡಿ, ಮೇಕೆ ಮರಿ ಬಿದ್ದೀತೆಂದು ಮತ್ತೆ ಮುಚ್ಚಿಸಿದ್ದೇನೆ, ಇನ್ನೂ ಯಾರಿಗೂ ತೋರಿಸಿಲ್ಲ, ನಿಮಗೆ ಮಾತ್ರ ಅಂದ. ಇದು ಅರಸರ ಗುಪ್ತ ಖಜಾನೆ ಎಂದೂ ಅಂದ. ಈ ಸಲ ಓಹೋ ಜೋರಾಗಿಯೇ ಬಂತು. ನಾಲ್ಕು ಜನ ಸೇರಿ ಚಪ್ಪಡಿ ಸರಿಸಿದರು. ಗುಂಡಿಯಿಂದ ಎದ್ದ ವಾಸನೆ ಮೂಗಿಗೆ ಬಡಿದದ್ದೇ ನಲ್ಲಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಕೊಳೆತ ಹೊಟ್ಟಿನ ಹುಳಿ ವಾಸನೆ. ಖಜಾನೆಯೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ. ಅದು ಹಗೇವು.

ಸೂಪರ್‌ವೈಸರ್ ನರಸಿಂಹಯ್ಯನಿಗೆ ಖಜಾನೆ ಎಂಬ ಮಾತು ಕೇಳಿದಾಗಿನಿಂದ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ತಾನು ಇಳಿದು ತಳದಲ್ಲೇನಿದೆಯೋ ಒಂದು ಹಿಡಿ ತರುತ್ತೇನೆಂದು ಪ್ಯಾಂಟು ಮಡಿಸಿದ. ಶ್ಯಾಮಣ್ಣನೇನೂ ಬೇಜವಾಬ್ದಾರಿ ಮನುಷ್ಯನಲ್ಲ. ಲಾಟೀನು ಹಚ್ಚಿ ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟ, ಉರಿಯುತ್ತಿದೆ ನೋಡಿ, ಭಯವಿಲ್ಲ ಅಂದ. ಎಲ್ಲರೂ ಬಗ್ಗಿ ನೋಡಿದರು. ಲಾಟೀನು ಚೆನ್ನಾಗಿಯೇ ಉರಿಯುತ್ತಿತ್ತು. ನಲ್ಲಪ್ಪ ಲಾಟೀನು ನೋಡಲಿಲ್ಲ, ಶ್ಯಾಮಣ್ಣನ ಕೈ ನೋಡಿದ. ಹಗ್ಗದ ತುದಿ ಅವನ ಮುಷ್ಟಿಯಲ್ಲಿತ್ತು, ಹಗ್ಗ ಬಿಗಿಯಾಗಿತ್ತು. ಒಂದು ಕಲ್ಲುಚೂರು ತೆಗೆದು ಒಳಗೆ ಹಾಕಿದ. ಅದು ಬೆಳಕನ್ನು ದಾಟಿ, ಇನ್ನೂ ಕೆಳಗೆ ಹೋಗಿ ಸದ್ದು ಮಾಡಿತು.

ಹಗ್ಗ ಸಾಲದು, ದೀಪ ತಳ ಮುಟ್ಟಿಲ್ಲ, ಇಳೀಬೇಡಿ ಸಾರ್ ಅಂದ. ಇರುವ ಹಗ್ಗ ಇಷ್ಟೇ ಎಂದು ಶ್ಯಾಮಣ್ಣ ಸಿಡುಕಿದ. ಉರಿಯುವ ದೀಪ ಕಣ್ಣೆದುರಿಗೇ ಇದೆಯಲ್ಲ, ಇನ್ನೇನು ಬೇಕು ಎಂದು ಹುಡುಗರು ನಕ್ಕರು. ಹಿಂಗೇ ಇಳಿದು ಎಲ್ಲೋ ಯಾರೋ ಸತ್ತಿದ್ದಾರೆ ಎಂದು ನಲ್ಲಪ್ಪ ತಡವರಿಸಿದ. ಎಲ್ಲೋ, ಯಾರೋ! ಹೇಡಿ ಮಾತು ಹೀಗೇ ಇರುತ್ತದೆ. ನರಸಿಂಹಯ್ಯ, ನೀನು ಗೇಟು ಕಾಯೋನು, ಗೇಟು ಕಾಯಿ ಎಂದು ಹೇಳಿ ಗುಂಡಿಯ ಅಂಚಿಗೆ ಕೂತು ಎರಡೂ ಕಾಲು ಒಳಗೆ ಇಳಿಬಿಟ್ಟ.

ಮಾರಕ್ಕ ಆಗಷ್ಟೇ ಬಂದು ಕೊಡ ಇಳಿಸಿ, ಸಿಂಬಿ ಕೈಯಲ್ಲಿ ಹಿಡಿದು ನಿಂತಿದ್ದಳು. ನಲ್ಲಪ್ಪ ಅವಳನ್ನು ಒಂದು ಸಲ ನೋಡಿದ. ಹೇಳಿದರೆ ಅವಳು ಹೋದಳು. ಹೇಳದಿದ್ದರೆ ಈ ಮನುಷ್ಯ ಹೋದ. ಮುಂದಕ್ಕೆ ಬಂದು ನರಸಿಂಹಯ್ಯನ ಅಂಗಿಯ ಕಾಲರು ಹಿಡಿದೇಬಿಟ್ಟ. ವಾಚ್‌ಮನ್ ಸೂಪರ್‌ವೈಸರನ ಕಾಲರು ಹಿಡಿದದ್ದು ಕಂಡು ನಗು ಪಕ್ಕನೆ ನಿಂತಿತು.

“ಸಾರ್, ಸತ್ತೋನು ನನ್ನ ತಮ್ಮ” ಅಂದ. “ಕುಡಿದಿರಲಿಲ್ಲ ಅವನು. ಹಗ್ಗ ಒಂದು ಮೊಳ ಕಮ್ಮಿ ಇತ್ತು. ನಂಗೆ ಗೊತ್ತಿತ್ತು. ಗೊತ್ತಿದ್ದೂ ಇಳಿಯೋ ಅಂದೆ.”

ನರಸಿಂಹಯ್ಯ ಕಾಲು ಅಲ್ಲಾಡಿಸಲಿಲ್ಲ. ನಲ್ಲಪ್ಪ ಕಾಲರು ಬಿಡಲಿಲ್ಲ, ಮಾತೂ ನಿಲ್ಲಿಸಲಿಲ್ಲ. ಒಂಬತ್ತು ವರ್ಷ ಮುಚ್ಚಿದ್ದ ಬಾಯಿ, ತೆರೆದ ಮೇಲೆ ಎಲ್ಲ ಬಂತು.

“ನನ್ನ ಎಗಲ ಮ್ಯಾಲೆ ಟವಲ್ ಇತ್ತು ಸಾರ್. ಹಿಂದಿನ ದಿನ ನೆಂಟರ ಮದುವೇಲಿ ಹೊದಿಸಿದ್ದು, ಹೊಸದು. ಬಿಚ್ಚಿ ಹಗ್ಗಕ್ಕೆ ಕಟ್ಟಿದ್ರೆ ಸಾಕಾಗ್ತಿತ್ತು. ಎಣ್ಣೆ ಆಯ್ತದೆ ಅಂತ ಬಿಚ್ಚಲಿಲ್ಲ.”

ನಲ್ಲಪ್ಪನಿಗೆ ತಿರುಗಿ ನೋಡುವ ಧೈರ್ಯವಿರಲಿಲ್ಲ. ಪಕ್ಕದಿಂದ ಒಂದು ಕೈ ಬಂತು. ಮಾರಕ್ಕ ಸಿಂಬಿ ಬಿಚ್ಚಿ, ಆ ಹಳೇ ಸೀರೆಯ ತುಂಡನ್ನು ಒಂದು ಸಲ ಒದರಿ ಉದ್ದಕ್ಕೆ ಮಾಡಿ ಅವನ ಮುಂದೆ ಹಿಡಿದಿದ್ದಳು. ಮುಖ ನೋಡಲಿಲ್ಲ. ನಲ್ಲಪ್ಪ ಅದನ್ನು ತೆಗೆದುಕೊಂಡು ಹಗ್ಗದ ತುದಿಗೆ ಗಂಟು ಹಾಕಿ, ತಾನೇ ಕೈಯಲ್ಲಿ ಹಿಡಿದು ಲಾಟೀನನ್ನು ಇನ್ನೊಂದು ಮೊಳ ಇಳಿಸಿದ. ಜ್ವಾಲೆ ಕುಗ್ಗಿತು, ನೀಲಿಯಾಯಿತು, ಆರಿತು. ಮೇಲೆಳೆದು ಶ್ಯಾಮಣ್ಣ ಮತ್ತೆ ಹಚ್ಚಿದ. ಮತ್ತೆ ಇಳಿಸಿದರು. ಅದೇ ಜಾಗಕ್ಕೆ ಬಂದು ಮತ್ತೆ ಆರಿತು. ನರಸಿಂಹಯ್ಯ ಕಾಲು ಮೇಲೆಳೆದುಕೊಂಡು ಮಾರು ದೂರ ಹೋಗಿ ಕೂತು, ನೀರು ಕೇಳಿದ. ಮಾರಕ್ಕ ಕೊಡದಿಂದ ಬಗ್ಗಿಸಿ ಕೊಟ್ಟಳು. ಚಪ್ಪಡಿ ಮುಚ್ಚಿದರು. ಶ್ಯಾಮಣ್ಣ ಉಳಿದ ಬಾಗಿಲುಗಳ ಕಥೆಯನ್ನು ಓಹೋಗೆ ಕಾಯದೆ ಬೇಗಬೇಗ ಹೇಳಿ ಮುಗಿಸಿದ.

ಮಾರನೇ ದಿನ ನರಸಿಂಹಯ್ಯ ಗೇಟಿನ ಹತ್ತಿರ ಬಂದು ನಲ್ಲಪ್ಪನ ಕೈ ಹಿಡಿದುಕೊಂಡ, ಎಲ್ಲರೆದುರಿಗೂ ಅಣ್ಣ ಅಂದ. ಮಧ್ಯಾಹ್ನ ಬುತ್ತಿ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಮಾರಕ್ಕ ಹೊತ್ತಿಗೆ ಸರಿಯಾಗಿ ಬರುತ್ತಿದ್ದಳು, ಗೇಟು ದಾಟುವಾಗ ನೆಲ ನೋಡಿಕೊಂಡು ದಾಟುತ್ತಿದ್ದಳು. ನಲ್ಲಪ್ಪ ಕ್ಯಾಂಟೀನಿನಲ್ಲಿ ಬನ್ನು ತಿಂದು ಟೀ ಕುಡಿದು ಒಂದು ತಿಂಗಳು ಕಳೆದ. ಕೇಳುವ ಮುಖ ಅವನಿಗಿರಲಿಲ್ಲ. ನಲ್ಲಿಯ ಹತ್ತಿರ ದೇವರಂಥ ಮನುಷ್ಯನ ಸುದ್ದಿಯೂ ನಿಂತಿತ್ತು. ತನಗೆ ಆಗಬೇಕಾದದ್ದೇ ಆಯಿತು ಎಂದುಕೊಂಡ. ಹಾಗೆಂದುಕೊಂಡರೂ ಮಧ್ಯಾಹ್ನವಾದರೆ ಕಣ್ಣು ದಾರಿಯ ಕಡೆಗೇ ಹೋಗುತ್ತಿತ್ತು.

ಅಮಾವಾಸ್ಯೆಯ ಹಿಂದಿನ ದಿನ ಅವಳು ಗೇಟಿನ ಹತ್ತಿರ ನಿಂತಳು. ಸೆರಗು ಸರಿ ಮಾಡಿಕೊಂಡು, ಗೋಡೆಯ ಕಡೆ ಮುಖ ಮಾಡಿಯೇ ಮಾತಾಡಿದಳು.

“ಬಾವ, ನಾಳೆ ನಿಮ್ ತಮ್ಮನಿಗೆ ಹೆಂಡ ಇಡಬೇಕು. ನೀವೇ ತರಬೇಕು. ಮುಚ್ಚಿಟ್ಕೊಂಡು ಕೆರೆ ಏರಿ ಮ್ಯಾಲೆ ಸುತ್ಕೊಂಡು ಬರಬೇಡಿ. ಕೈಯಾಗೆ ಇಡ್ಕೊಂಡು ಊರೊಳಗೇ ಬನ್ನಿ.”

ಇಷ್ಟು ಹೇಳಿ ಪೊರಕೆ ಎತ್ತಿಕೊಂಡು ಶೆಡ್ಡಿಗೆ ಹೋದಳು. ನಲ್ಲಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು.

ಮರುದಿನ ಅವನು ಹೆಂಡದಂಗಡಿಯಿಂದ ಸೀಸೆ ತೆಗೆದುಕೊಂಡು ಊರ ನಡುಬೀದಿಗೆ ಬಂದ. ಹೆಗಲು ಬೋಳು, ಸೀಸೆ ಬಟ್ಟಂಬಯಲು. ಮೊದಲು ಅಂಗಡಿ ಆಂಜಿನಪ್ಪ ಹಿಡಿದು ನಿಲ್ಲಿಸಿದ. ಹಬ್ಬದ ದಿನ ಇದು ಯಾರಿಗೆ ಎಂದು ಕೇಳಿದ. ಚಿನ್ನಪ್ಪನಿಗೆ ಅಂದ ನಲ್ಲಪ್ಪ. ಅದೇ ಅಲ್ಲವಾ ಅವನನ್ನ ತಿಂದದ್ದು ಎಂದು ಆಂಜಿನಪ್ಪ ಹುಬ್ಬು ಗಂಟಿಕ್ಕಿದ. ಅಲ್ಲ ಎಂದು ನಲ್ಲಪ್ಪ ನಿಂತು, ಮೊದಲಿನಿಂದ ಕೊನೆಯವರೆಗೆ ಹೇಳಿದ. ಅರಳಿಕಟ್ಟೆಯ ಹತ್ತಿರ ಆರೇಳು ಜನ ಕೂತಿದ್ದರು. ಅಲ್ಲಿ ಮತ್ತೆ ಹೇಳಬೇಕಾಯಿತು. ನಲ್ಲಿಯ ಹತ್ತಿರ ಹೆಂಗಸರು ಕೊಡ ತುಂಬಿ ಹರಿಯುವುದನ್ನೂ ಮರೆತು ಕೇಳಿದರು. ಒಬ್ಬಳು ಮುದುಕಿ ಥೂ ಎಂದು ಉಗಿದಳು. ಪಟೇಲರ ಮನೆಯ ಜಗುಲಿಯ ಮುಂದೆ ಯಾರೂ ಕೇಳಲಿಲ್ಲ, ಆದರೂ ನಿಂತು ಹೇಳಿದ. ಹೇಳುತ್ತ ಹೇಳುತ್ತ ಗಂಟಲು ಒಣಗಿತು, ಕಣ್ಣಿನಲ್ಲಿ ನೀರು ಬಂತು, ಒರೆಸಿಕೊಳ್ಳುವುದಕ್ಕೆ ಟವಲ್ಲಿರಲಿಲ್ಲ. ತೋಳಿನಲ್ಲಿ ಒರೆಸಿಕೊಂಡ.

ಮಾರಕ್ಕ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಒಳಗೆ ಎಲೆ ಹಾಕಿತ್ತು, ದೀಪ ಹಚ್ಚಿತ್ತು. ಅವಳು ಸೀಸೆ ನೋಡಿದಳು, ಅವನ ಮುಖ ನೋಡಿದಳು. ತಿಂಗಳಲ್ಲಿ ಅವಳು ಅವನ ಮುಖ ನೋಡಿದ್ದು ಅದೇ ಮೊದಲು.

“ಟವಲ್ ವಿಷ್ಯಾನೂ ಯೋಳಿದ್ರಾ?”

“ಯೋಳ್ದೆ ಕಣವ್ವ.”

ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.