ಕೋಟಿನ ಮಡಿಕೆಯಲ್ಲಿ ಕುಂಬಾರ ಹುಳ

ಮಳೆಗಾಲವಿಡೀ ಗೂಟದಲ್ಲಿ ನೇತಾಡಿದ್ದ ಕೋಟನ್ನು ಮೊನ್ನೆ ಇಳಿಸಿದರೆ ಕಾಲರಿನ ಮಡಿಕೆಯಲ್ಲಿ ಮಣ್ಣಿನ ಗಂಟು. ಕುಂಬಾರ ಹುಳ ಮನೆ ಕಟ್ಟಿತ್ತು. ಕೆರೆದು ತೆಗೆಯಲು ಉಗುರಿಟ್ಟವನು ಹಾಗೇ ನಿಂತೆ. ಆ ಮಣ್ಣಿನ ವಾಸನೆಗೆ ಅಜ್ಜಿ ನೆನಪಾದಳು…

ನನ್ನ ಸ್ವಂತ ಅಜ್ಜಿಯಲ್ಲ. ಮಹಾಯುದ್ಧ ಶುರುವಾಗುವ ಮೊದಲು, ಕಳಸದ ಹತ್ತಿರದ ಈ ಎಸ್ಟೇಟಿಗೆ ನಾನು ಲೆಕ್ಕ ಬರೆಯುವ ರೈಟರಾಗಿ ಸೇರಿದ ಹೊಸತರಲ್ಲಿ, ತಲೆ ತುಂಬ ಕಂಬಳಿ ಹೊದ್ದು ಗೋಡೌನಿನಲ್ಲಿ ಕಾಫಿ ಬೀಜ ಆರಿಸುತ್ತಿದ್ದವಳು. ನನಗಿದ್ದ ವಿದ್ಯೆ ಒಂದೇ, ಅಣಕ. ಎಸ್ಟೇಟಿನ ಬಿಳಿ ದೊರೆಯ ಕೆಮ್ಮು, ಮೇಸ್ತ್ರಿಯ ಬೈಗುಳ, ದೊರೆಯ ಮುಂದೆ ನಡುಗುವ ನನ್ನದೇ ‘ಯೆಸ್ ಸಾರ್’, ಎಲ್ಲ ಮಾಡಿ ತೋರಿಸುತ್ತಿದ್ದೆ. ಅವಳ ವಿದ್ಯೆ ಹುಳಗಳ ಕಥೆ. ಜೀರುಂಡೆ ಯಾರಿಗಾಗಿ ಅಳುತ್ತದೆ, ಸಗಣಿ ಹುಳ ಯಾರ ಶಾಪಕ್ಕೆ ಉಂಡೆ ಉರುಳಿಸುತ್ತದೆ… ಕೈ ಕಪ್ಪು ಬೀಜ ಹೆಕ್ಕುತ್ತಿದ್ದರೆ ಬಾಯಿ ಕಥೆ ಹೇಳುತ್ತಿತ್ತು.

ಆ ದಿನ ಕುಂಬಾರ ಹುಳದ ಸರದಿ. ಅದು ಎಲೆಯ ಮೇಲಿನ ಹಸಿರು ಹುಳವನ್ನು ಹೊತ್ತು ತಂದು, ಮಣ್ಣಿನ ಮನೆಯಲ್ಲಿ ಮುಚ್ಚಿ, ಹೊರಗೆ ಕೂತು ಗುಂಯ್‌ಗುಡುತ್ತದಂತೆ. ಒಳಗಿನ ಹುಳ ಹೆದರಿಕೆಯಲ್ಲಿ ಆ ದನಿಯನ್ನೇ ಕೇಳಿ ಕೇಳಿ, ತಾನೂ ಗುಂಯ್ ಎಂದು, ರೆಕ್ಕೆ ಬಂದು, ಕುಂಬಾರ ಹುಳವೇ ಆಗಿಬಿಟ್ಟಿತಂತೆ. ಆಮೇಲೆ ತಾಯಿ ಇದ್ದ ಎಲೆಯನ್ನು ಹುಡುಕಿಕೊಂಡು ಹೋಯಿತು ಎನ್ನುವಾಗ ಸಂಜೆಯ ಗಂಟೆ ಹೊಡೆಯಿತು.

“ಅವ್ವ ಗುರ್ತು ಹಿಡೀತಾ ಅಜ್ಜಿ?”

“ನಾಳೆ ಹೇಳ್ತೀನಿ ರೈಟರ್ರೇ. ಕಥೆ ಏನು ಓಡಿ ಹೋಗ್ತದಾ?”

ಮರುದಿನ ಅವಳು ಬರುವುದು ತಡವಾಯಿತು. ನಾನು ಸುಮ್ಮನಿರಬೇಕಲ್ಲ! ತಲೆಗೆ ಗೋಣಿ ಹಾಕಿಕೊಂಡು, ಅವಳ ಜಾಗದಲ್ಲಿ ಕೂತು, ಹಲ್ಲಿಲ್ಲದ ಬಾಯಿಯ ಗುಂಯ್ ಸಮೇತ ಕಥೆ ಶುರುಮಾಡಿದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ತಿರುಗಿದರೆ ಬಾಗಿಲಲ್ಲಿ ಅಜ್ಜಿ. ಅವಳೂ ನಕ್ಕಳು, ಬಾಯಿಗೆ ಸೆರಗು ಹಿಡಿದುಕೊಂಡು.

ಆ ಸೆರಗು ಮತ್ತೆ ಇಳಿಯಲಿಲ್ಲ. ಕಥೆ ಕೇಳಿದರೆ, “ನಿಮಗೇ ಬಂತಲ್ಲ ರೈಟರ್ರೇ, ಇನ್ನು ನಾನ್ಯಾಕೆ?” ಎಂದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಅದನ್ನೂ ಅಣಕಿಸಿ ನಗಿಸುತ್ತಿದ್ದೆನೇನೋ. ಆ ವರ್ಷದ ಕೆಲಸ ಮುಗಿದು ಘಟ್ಟದ ಕೆಳಗಿನ ತನ್ನೂರಿಗೆ ಹೋದವಳು ಮರುವರ್ಷ ಬರಲಿಲ್ಲ. “ಅಜ್ಜಿ ಹೋಯ್ತು,” ಎಂದರು ಜೊತೆಯ ಹೆಂಗಸರು.

ಈಗಲೂ ಕೆಲಸ ಮುಗಿಸಿ ಬಂದರೆ ನನ್ನ ಕೋಣೆಯಲ್ಲಿ ದೊರೆ ಕೆಮ್ಮುತ್ತಾರೆ, ಮೇಸ್ತ್ರಿ ಬೈಯುತ್ತಾನೆ. ಎಲ್ಲ ನಾನೇ, ಕೇಳುವವನೂ ನಾನೇ. ಮೊನ್ನೆ ಕೋಟಿನ ಮುಂದೆ ಅವಳ ದನಿಯಲ್ಲೂ ಆ ಕಥೆ ಶುರುಮಾಡಿದೆ. ಥೇಟ್ ಅವಳದೇ ದನಿ ಬಂತು. ಎಲೆಯ ಹತ್ತಿರ ಹೋಗುವಲ್ಲಿಗೆ ನಿಂತುಹೋಯಿತು. ಮುಂದಿನದನ್ನು ಅವಳು ಹೇಳಿರಲಿಲ್ಲ…

ಮಣ್ಣಿನ ಮನೆ ಕೆರೆಯದೆ ಕೋಟನ್ನು ಮತ್ತೆ ಗೂಟಕ್ಕೇ ಹಾಕಿದೆ. ಚಳಿಗೆ ಕಂಬಳಿ ಹೊದ್ದು ಗೋಡೌನಿಗೆ ಹೋಗುತ್ತೇನೆ. “ಹಿಂದಿನಿಂದ ಅಜ್ಜಿನೇ ಕಣೇ,” ಎಂದು ಹಳೆಯ ಹೆಂಗಸರು ನಗುತ್ತಾರೆ. ನಾನು ಕಂಬಳಿಯ ಅಂಚನ್ನು ಬಾಯಿಗೆ ಹಿಡಿದುಕೊಳ್ಳುತ್ತೇನೆ.